ಬೆಸುಗೆ ಹಾಕಿದ ಜಾಗ

ಬೆಳಿಗ್ಗೆ ಹತ್ತಕ್ಕೆ ತಂದರು, ಬೆಡ್‌ಶೀಟಲ್ಲಿ ಸುತ್ತಿ,
ಹುಷಾರಿಲ್ಲದ ಮಗುವನ್ನು ತಂದ ಹಾಗೆ.
ಹಾರ್ನು ಅಂದರು. ಲಾರಿಯದ್ದು ಅಂದುಕೊಂಡೆ.
ಬಿಚ್ಚಿದರೆ ಹಿತ್ತಾಳೆ ಕೊಳವೆ,
ಸುತ್ತಿ ಸುತ್ತಿ ಸಾಕಾಗಿ
ಕಡೆಗೊಂದು ಉಮ್ಮತ್ತಿ ಹೂವಾಗಿ ಬಾಯಿಬಿಟ್ಟಿದೆ.
ಮೂರನೇ ಸುತ್ತಿನ ಅಡಿಗೆ
ಕೂದಲೆಳೆ ಬಿರುಕು.

ಸಂಜೆ ಆರೂವರೆಗೆ ಕಚೇರಿ ಆಚಾರ್ರೇ,
ಮೈಸೂರಿಗೆ ಹೋಗಿಬರಲು ಹೊತ್ತಿಲ್ಲ, ಅಂದರು
ಪೊಲೀಸ್ ಬ್ಯಾಂಡಿನಿಂದ ರಿಟೈರಾದ ಬೆಂಜಮಿನ್ ಸತ್ಯರಾಜು.

ನಾನು ಹಂಡೆ, ಕೊಳಗ, ದೀಪಾಲೆ ಕಂಬದ ಪಾದ ಬೆಸೆದವನು.
ನೀರು ನಿಂತರೆ ಕೆಲಸ ಸರಿ.
ಉಸಿರು ನಿಂತಿತೋ ಇಲ್ಲವೋ, ನೋಡುವುದು ಹೇಗೆ?
ಆ ಸುತ್ತನ್ನು ಕಳಚಿ, ಒಂದು ತುದಿ ಹೆಬ್ಬೆರಳಲ್ಲಿ ಒತ್ತಿ,
ಇನ್ನೊಂದರಿಂದ ಊದಿ ಬಕೆಟ್ಟಿನಲ್ಲಿ ಮುಳುಗಿಸಿದೆ,
ಎದುರಂಗಡಿಯ ಇಲ್ಯಾಸ್ ಸೈಕಲ್ ಟ್ಯೂಬಿಗೆ ಮಾಡುವಂತೆ.
ಗುಳ್ಳೆ ಬರಲಿಲ್ಲ.
ನೂರೈವತ್ತು ಕೊಟ್ಟರು, ಜೊತೆಗೊಂದು ಪಾಸು.

ಹಾಸನದ ಒಂದು ನರ್ಸಿಂಗ್ ಶಾಲೆಯ ಹಾಲ್.
ಅರವತ್ತು ಕುರ್ಚಿ, ಮೂವತ್ತೆಂಟು ಜನ,
ಅದರಲ್ಲಿ ಒಂಬತ್ತು ಹುಡುಗಿಯರು
ಡ್ಯೂಟಿ ಬಟ್ಟೆಯಲ್ಲೇ ಬಂದವರು.
ಕೊನೇ ಸಾಲು ಹಿಡಿದೆ. ಎರಡು ಸಲ ಸೋಪು ಹಾಕಿದ್ದೆ,
ಕೈಯ ಆಸಿಡ್ ವಾಸನೆ ಹೋಗಿರಲಿಲ್ಲ.

ಮೊದಲು ತಂತಿಯವರು.
ನೀರಾವರಿ ಆಫೀಸಿನ ಪಂಕಜಾಕ್ಷಿ ಮೇಡಂ
ನೆಲದ ಮೇಲೆ ಕೂತು, ಪಿಟೀಲನ್ನು ಪಾದಕ್ಕೆ ಆನಿಸಿ ಕಲಿತವರು.
ಇವತ್ತು ಕುರ್ಚಿ, ಗದ್ದದ ಕೆಳಗೆ ಪಿಟೀಲು;
ಕಾಲು ಮಾತ್ರ ಚಪ್ಪಲಿ ಬಿಟ್ಟು
ನೆಲ ಹುಡುಕುತ್ತಿತ್ತು.
ಪಕ್ಕದಲ್ಲಿ ನಮ್ಮ ಮೂಳೆ ಡಾಕ್ಟರು.
ಚೆಲ್ಲೋ ಅಂತೆ ಅದರ ಹೆಸರು. ಮಂಡಿಗಳ ನಡುವೆ
ನೋಯದ ಹಾಗೆ ಹಿಡಿದಿದ್ದರು.
ಅದರ ದನಿ ನಾನು ಬಲ್ಲೆ: ಅವ್ವ ಬೀಸುವುದು ನಿಲ್ಲಿಸಿದ ಮೇಲೂ
ಕಲ್ಲು ತಾನಾಗಿ ತಿರುಗುವ
ಕಡೆಯ ಅರ್ಧ ಸುತ್ತು.

ಆಮೇಲೆ ಗಾಳಿಯವರು. ಕ್ಲಾರಿನೆಟ್ಟಿಗೆ ಗೌಸ್‌ಪೀರ್,
ಇಪ್ಪತ್ತು ವರ್ಷ ದಿಬ್ಬಣದ ಮುಂದೆ ನಡೆಯುತ್ತಲೇ ಊದಿದವನು,
ಕೂತು ಊದಿದ್ದನ್ನು ನಾನು ಕಂಡದ್ದೇ ಇವತ್ತು.
ಯಾರೂ ಕುಣಿಯುತ್ತಿಲ್ಲ. ಯಾರೂ ನೋಟು ನಿವಾಳಿಸುತ್ತಿಲ್ಲ.
ಅವನಿಗೇ ಗಾಬರಿ, ಮೊದಲೆರಡು ಸ್ವರ ತೊದಲಿತು.
ಮತ್ತೆ, ಮದುವೆ ಮುಗಿದ ರಾತ್ರಿ
ಒಬ್ಬನೇ ಮನೆಗೆ ಬರುವವನು ತನಗಷ್ಟೇ ಗುನುಗುವುದು ಇರುತ್ತದಲ್ಲ,
ಅದು ಶುರುವಾಯಿತು.
ಯಾವ ದೇಶದ ಪಾಡೋ.
ಹೆಸರು ಕೈಯಲ್ಲಿದ್ದ ಹಾಳೆಯಲ್ಲಿತ್ತು;
ಕನ್ನಡಕ ಅಂಗಡಿಯಲ್ಲಿತ್ತು.

ಕಡೆಗೆ ಹಿತ್ತಾಳೆ.
ಎರಡು ತುತ್ತೂರಿ, ಎಳೆದು ತಳ್ಳುವ ಉದ್ದದ್ದೊಂದು,
ಮತ್ತು ಅದು.
ಉಳಿದವರು ಸಂಗೀತ ಕೇಳಿದರು.
ನಾನು ಮೂರನೇ ಸುತ್ತು ಕೇಳಿದೆ.
ಸತ್ಯರಾಜು ಬಲಗೈಯನ್ನು ಹೂವಿನ ಬಾಯೊಳಗೆ ಇಳಿಸಿ,
ಕರುವಿನ ಕಾಲು ತಡಕುವ ದನದ ಡಾಕ್ಟರಾಗಿ, ಕಣ್ಣು ಮುಚ್ಚಿದರು.
ಒಂದೊಂದು ಸ್ವರವೂ ನನ್ನ ತವರದ ಮೇಲೆ
ಹೆಜ್ಜೆಯಿಟ್ಟೇ ದಾಟಬೇಕು.
ದಾಟಿತು.
ಇನ್ನೊಂದು. ದಾಟಿತು.

ನಡುವೆ ನಿಲ್ಲಿಸಿ, ಕೊಳವೆ ಬಗ್ಗಿಸಿ,
ನೆಲಕ್ಕೆ ನೀರು ಚೆಲ್ಲಿದರು.
ಸೋರಿತಲ್ಲೋ! ಎದ್ದೇಬಿಟ್ಟೆ.
ಪಕ್ಕದ ನರ್ಸಮ್ಮ ಅಂಗಿ ಜಗ್ಗಿದಳು:
'ಅದು ಅವರ ಉಸಿರು ಅಂಕಲ್,
ತಣ್ಣಗಾದ್ರೆ ನೀರಾಗುತ್ತೆ.'
ಅಂದರೆ, ಕೊನೆಗೂ ನೀರೇ.
ಗೊತ್ತಿರುವ ಬಾಬತ್ತು. ಕೂತೆ.

ಅಲ್ಲಿಂದ ಲೆಕ್ಕ ತಪ್ಪಿತು.
ಎಲ್ಲರೂ ಒಟ್ಟಾಗಿ ಏನನ್ನೋ ಎತ್ತುತ್ತಿದ್ದರು,
ಚೆಲ್ಲೋ ಅಡಿಗೆ ಕೈಕೊಟ್ಟಿತ್ತು, ಗೌಸ್‌ಪೀರ್ ಮೇಲಿಂದ ಇಣುಕುತ್ತಿದ್ದ,
ಯಾವ ಸುತ್ತು, ಯಾರ ಉಸಿರು,
ನನಗೆ ನೆನಪಾಗಲಿಲ್ಲ.

ಕುರ್ಚಿ ಮಡಚುವಾಗ ಬಂದರು:
'ಆಚಾರ್ರೇ, ನಿಂತಿತಾ ನಿಮ್ಮ ಬೆಸುಗೆ?'
ನೋಡೋದೇ ಮರೆತೆ ಸಾರ್, ಅಂದೆ.
ನಕ್ಕು ಬೆಡ್‌ಶೀಟು ಹಾಸಿದರು.
ಸುತ್ತುವ ಮುಂಚೆ ಬೆರಳಿಟ್ಟೆ ಆ ಜಾಗಕ್ಕೆ.
ಬೆಳಿಗ್ಗೆ ಅಲ್ಲಿ ಕೈ ಸುಟ್ಟುಕೊಂಡಿದ್ದೆ.
ಈಗ ಬೆಚ್ಚಗಿತ್ತು, ಅಷ್ಟೇ,
ಆಗತಾನೆ ಯಾರೋ ಎದ್ದುಹೋದ ಕುರ್ಚಿಯಷ್ಟು.